ಪರೀಕ್ಷೆ ತಗೊಳ್ಳುವ ಕೆಂದ ಕುರಿ

ಅವರ ಬಲಗೈಯ ಎರಡು ಬೆರಳು ಸದಾ ಉಣ್ಣೆಯ ಜಿಡ್ಡಿನಿಂದ ಮಿರುಗುತ್ತಿದ್ದವು. ಯಾವ ಕುರಿ ಹತ್ತಿರ ಬಂದರೂ ಆ ಬೆರಳುಗಳಿಂದ ಉಣ್ಣೆಯನ್ನು ಬೈತಲೆಯಂತೆ ಸೀಳಿ, ಬಾಗಿ, ಉಫ್ ಎಂದು ಊದಿ ಬುಡ ನೋಡುತ್ತಿದ್ದರು. ಬಿಸಿಲಿಗೆ ಕರಿ ಉಣ್ಣೆಯ ತುದಿಯೂ ಕೆಂಪಗಾಗುತ್ತದೆ. ಬುಡ ಮಾತ್ರ ಸುಳ್ಳು ಹೇಳುವುದಿಲ್ಲ. "ತುದಿ ಬಿಸಲಿಂದು, ಬುಡ ಅವ್ವ-ಅಪ್ಪಂದು" ಎನ್ನುವುದು ಅವರ ಮಾತು.

ನಾವು ಅವರನ್ನು ಕುರಿ ಕಾಕಾ ಎನ್ನುತ್ತಿದ್ದೆವು. ನಾನು ಮೈಂದರ್ಗಿಯಿಂದ ವಳಸಂಗಕ್ಕೆ ಸೊಸೆಯಾಗಿ ಬರುವುದಕ್ಕೆ ಎಷ್ಟೋ ಮೊದಲಿನಿಂದ, ಜೋಳದ ರಾಶಿ ಮುಗಿದ ಮೇಲೆ ಅವರ ಹಿಂಡು ನಮ್ಮ ಹೊಲದಲ್ಲಿ ಹತ್ತು-ಹನ್ನೆರಡು ದಿನ ಕೂಡುತ್ತಿತ್ತು. ಹೊಲಕ್ಕೆ ಗೊಬ್ಬರ, ಅವರಿಗೆ ಜೋಳ. ಕಂಬಳಿ ನೇಯುವವರು ಕರಿ ಉಣ್ಣೆಯನ್ನೇ ಕೇಳುತ್ತಾರೆಂದು ಹಿಂಡೆಲ್ಲ ಇದ್ದಿಲಿನಂತೆ ಕಪ್ಪು. ನಡುವೆ ಒಂದೇ ಒಂದು ಕೆಂದ ಕುರಿ, ಬೆಲ್ಲದ ಬಣ್ಣದ್ದು. ಅದನ್ನು 'ಬಾಯಿ' ಎಂದು ಕರೆಯುತ್ತಿದ್ದರು, ನಮ್ಮ ಕಡೆ ಸಾಲಿಯಲ್ಲಿ ಕಲಿಸುವ ಹೆಂಗಸನ್ನು ಕರೆಯುವ ಹಾಗೆ. ಯಾಕೆಂದು ಕೇಳಿದರೆ, "ಟಗರಿಗಿ ಪರೀಕ್ಷಾ ತಗೊಳ್ಳಾಕಿ ಈಕಿನೇ" ಎಂದರು. ಮದುವೆಯಾದ ಮೊದಲ ವರ್ಷ ನಾನು ಅದನ್ನು ಮುದುಕರ ಚೇಷ್ಟೆ ಎಂದು ನಕ್ಕು ಬಿಟ್ಟೆ.

ಎರಡನೆಯ ವರ್ಷ ನನಗೆ ಮಗಳು ಹುಟ್ಟಿದಳು. ಹತ್ತಿಯಂಥ ಕೂದಲು, ಬಿಳಿ ರೆಪ್ಪೆ, ಬೆಳಕು ಕಂಡರೆ ಮುಚ್ಚಿಕೊಳ್ಳುವ ಕಣ್ಣು. ಇದು ತಾಯಿ ತಂದೆ ಇಬ್ಬರ ಕಡೆಯಿಂದಲೂ ಬಂದದ್ದು, ಯಾರ ತಪ್ಪೂ ಅಲ್ಲ ಎಂದರು ಸೊಲ್ಲಾಪುರದ ಡಾಕ್ಟರು. ಅತ್ತೆ ಒಪ್ಪಲಿಲ್ಲ. ಅತ್ತೆ ಎಂದರೆ ಬೇರೆ ಯಾರೂ ಅಲ್ಲ, ನನ್ನ ಅಪ್ಪನ ಸ್ವಂತ ತಂಗಿ. ತವರಿನಿಂದ ನನ್ನನ್ನು ತಾನೇ ಆರಿಸಿ ಮಗನಿಗೆ ತಂದುಕೊಂಡವಳು. ಹಾಗಾಗಿ ಅಪ್ಪನ ಮನೆಯನ್ನು ಬೈಯುವಂತಿರಲಿಲ್ಲ. "ನಮ್ಮ ಅಣ್ಣನ ಮನಿಯಾಗ ಇಂಥಾದು ಎಂದೂ ಇಲ್ಲ. ನಿಮ್ಮವ್ವ ತನ್ನ ತವರು ಭಂಡಾರಕವಠೆಯಿಂದ ತಂದಾಳ" ಎಂದಳು. ದಿನ ಹೋದಂತೆ ಮಾತು ಗಟ್ಟಿಯಾಯಿತು. ಸೋಮವಾರ ಅಪ್ಪನನ್ನು ಕರೆಸುವುದು, ನನ್ನನ್ನೂ ಕೂಸನ್ನೂ ಮೈಂದರ್ಗಿಗೆ ಕಳಿಸುವುದು, ಮಗನಿಗೆ ಬೇರೆ ಹೆಣ್ಣು ನೋಡುವುದು. ನನ್ನ ಗಂಡ ತಲೆ ತಗ್ಗಿಸಿ ಕೂತಿರುತ್ತಿದ್ದರು.

ಶನಿವಾರ ಮಧ್ಯಾಹ್ನ ಕುರಿ ಕಾಕಾ ಜೋಳ ಒಯ್ಯಲು ಅಂಗಳಕ್ಕೆ ಬಂದರು. ಕೂಸು ನನ್ನ ತೊಡೆಯ ಮೇಲಿತ್ತು. ಕಂಬಳಿಗೆ ಕೈ ಒರೆಸಿಕೊಂಡು, ಎರಡು ಬೆರಳಿಂದ ಅದರ ಕೂದಲು ಸೀಳಿ ಮೆಲ್ಲಗೆ ಊದಿದರು. ಕೂಸು ಕಣ್ಣು ಪಿಳುಕಿಸಿ ನಕ್ಕಿತು.

"ಬುಡಕ್ಕೂ ಬೆಳ್ಳಗದ" ಎಂದರು.

"ಅದನ್ನ ಬ್ಯಾರೆ ನೋಡಬೇಕೇನೋ ಮುದುಕಾ? ಸೋಮವಾರ ಇಬ್ಬರನೂ ತವರಿಗಿ ಕಳಸಾಕತ್ತೀವಿ" ಎಂದಳು ಅತ್ತೆ.

ಅವರು ಕಟ್ಟೆಯ ಮೇಲೆ ಕೂತರು. "ನಾನೂ ಹಂಗ ಮಾಡೀನ್ರಿ ಅಕ್ಕಾರ. ಕರೇ ಕುರಿ ಕೆಂದ ಮರಿ ಹಾಕ್ತು ಅಂತ ಆ ಕುರೀನ ಮಾರಿದೆ. ಮುಂದಿನ ವರ್ಷ ಮತ್ತೊಂದು ಹಾಕ್ತು, ಅದನೂ ಮಾರಿದೆ. ಹಂಗ ಏಳು ಕುರಿ ಹೋದು. ಟಗರು ಮಾತ್ರ ಹೂವಿನ ಹಾರ ಹಾಕ್ಕೊಂಡು ಹಿಂಡಿನಾಗೇ ತಿರಗತಿತ್ತು."

"ಮುಂದ?" ಎಂದರು ಮಾವ.

"ಎಂಟನೇದು ಮಾರಾಕ ಹೊಂಟಾಗ ನಮ್ಮಪ್ಪ ಬೈದ. ಒಂದು ಕೆಂದ ಮರಿ ಇಟ್ಕೋ, ದೊಡ್ಡದಾದ ಮ್ಯಾಲೆ ಟಗರಿನ ಜೋಡಿ ಬಿಟ್ಟು ನೋಡು ಅಂದ. ಬಿಟ್ಟೆ. ಮತ್ತ ಕೆಂದ ಮರಿನೇ ಹುಟ್ತು. ಈಗಿನ ಬಾಯಿ ಟಗರಿಗಿ ತಗೊಳ್ಳೂ ಪರೀಕ್ಷಾನೂ ಇದೇ. ಅಂದ್ರ ಕರೇ ಟಗರಿನ ಒಳಗೂ ಆ ಬಣ್ಣ ಮುಳುಗಿತ್ರಿ. ಒಂದ ಕಡಿಂದ ಬಂದ್ರ ಕಾಣೂದಿಲ್ಲ. ಎರಡೂ ಕಡಿಂದ ಬಂದಾಗ ಮ್ಯಾಲೆ ತೇಲ್ತದ." ಆಮೇಲೆ ಅತ್ತೆಯ ಕಡೆ ತಿರುಗಿ, "ಈಕಿ ಅಪ್ಪ ನಿಮ್ಮ ಅಣ್ಣ ಹೌದಿಲ್ರಿ?" ಎಂದರು.

"ಹೌದು. ಊರಿಗೆಲ್ಲ ಗೊತ್ತದ."

"ಹಂಗಾರ ಟಗರೂ ಕುರೀನೂ ಒಂದ ಹಿಂಡಿನವು ಆದ್ವಲ್ರಿ."

ಮಾವ ಫಕ್ಕನೆ ನಕ್ಕರು. ಅತ್ತೆ ನಗಲಿಲ್ಲ. ಮೊರದಲ್ಲಿ ಜೋಳ ಕೇರುತ್ತಿದ್ದ ಕೈ ನಿಂತಿತು. ಯಾರ ಮುಖವನ್ನೂ ನೋಡದೆ ಹೇಳಿದಳು: "ನಮ್ಮ ಮುತ್ತ್ಯಾ, ಅಪ್ಪನ ಅಪ್ಪ, ಆತನ ತಂಗಿ ಒಬ್ಬಾಕಿ ಇದ್ಲು, ಇಂಥಾಕಿನೇ. ಮಂದಿ ಬಂದ್ರ ಆಕೀನ ಒಳಗ ಕೂಡಿಸ್ತಿದ್ರು. ನಾ ಸಣ್ಣಾಕಿದ್ದಾಗ ಆಕಿ ತೊಡಿ ಮ್ಯಾಲೆ ಮಲಗೀನಿ."

ಎದ್ದು ಬಂದು ಕೂಸನ್ನು ನನ್ನ ಕೈಯಿಂದ ತೆಗೆದುಕೊಂಡಳು. ಸೋಮವಾರ ಯಾರೂ ಎಲ್ಲಿಗೂ ಹೋಗಲಿಲ್ಲ.

ಮರುದಿನ ಹೊಲಕ್ಕೆ ರೊಟ್ಟಿ ಒಯ್ದಾಗ ನನ್ನ ಅಂಜಿಕೆಯನ್ನು ಕಾಕಾನ ಮುಂದೆ ಇಟ್ಟೆ. ಇನ್ನೊಂದು ಕೂಸಾದರೆ? ಅವರು ನೆಲದಿಂದ ಎರಡು ಕುರಿ ಹಿಕ್ಕೆ, ಎರಡು ಜೋಳದ ಕಾಳು ಆರಿಸಿ, ಒಂದೊಂದು ಮುಷ್ಟಿಯಲ್ಲೂ ಒಂದು ಹಿಕ್ಕೆ, ಒಂದು ಕಾಳು ಹಿಡಿದರು.

"ಇದು ನೀ, ಇದು ನಿನ್ನ ಗಂಡ. ಕೂಸು ಕಣ್ಣು ಮುಚ್ಚಿ ಈ ಮುಷ್ಟ್ಯಾಗಿಂದ ಒಂದು, ಆ ಮುಷ್ಟ್ಯಾಗಿಂದ ಒಂದು ತಗೋತದ. ಎರಡೂ ಕಾಳೇ ಬಂದ್ರ ಅಷ್ಟ ಬೆಳ್ಳಗ. ನಾಕರಾಗ ಒಂದ ಸಲ."

"ಒಂದು ಆಗಿ ಹೋತಲ್ಲ ಕಾಕಾ. ಇನ್ನ ಮೂರು ಛಲೋ ಹುಟ್ಟತಾವೇನು?"

"ಹಂಗಿಲ್ಲವಾ. ಹಿಂದಿಂದು ಮುಷ್ಟಿಗಿ ನೆನಪಿರೂದಿಲ್ಲ. ಪ್ರತಿ ಸಲಾನೂ ಹೊಸಾ ಆಟ." ಮುಷ್ಟಿ ಬಿಚ್ಚಿ ಕೇಳಿದರು: "ಮತ್ತ ಈಕೀಗಿ ಏನಾಗೇದ, ಛಲೋ ಇಲ್ಲ ಅನ್ನಾಕ?"

ಆ ಪ್ರಶ್ನೆಗೆ ನಾನು ಇಂದಿಗೂ ನಾಚುತ್ತೇನೆ.

ಮುಂದೆ ಮಗ ಹುಟ್ಟಿದ, ಕಪ್ಪು ಕೂದಲಿನವ. ಮಗಳು ಈಗ ಹತ್ತನೆಯ ಇಯತ್ತೆಯಲ್ಲಿದ್ದಾಳೆ. ಮುಂದಿನ ಬೆಂಚಿನಲ್ಲಿ ಕೂತರೂ ಹಲಗೆ ಸರಿಯಾಗಿ ಕಾಣುವುದಿಲ್ಲ. ಕರಿ ಚಷ್ಮಾ, ಟೊಪ್ಪಿಗೆ ಇಲ್ಲದೆ ಬಿಸಿಲಿಗೆ ಹೋಗುವಂತಿಲ್ಲ. ಆದರೆ ಮಂದಿ ಬಂದರೆ ಒಳಗೆ ಕೂಡುವವಳಲ್ಲ. ಸಾಲಿಯ ಮರಾಠಿ ವಿಜ್ಞಾನ ಪುಸ್ತಕದಲ್ಲಿ ಬಟಾಣಿಯ ಬಣ್ಣ ಪೀಳಿಗೆಯಿಂದ ಪೀಳಿಗೆಗೆ ಇಳಿಯುವ ಪಾಠ ಬಂದಾಗ, ನಾಲ್ಕು ಚೌಕ ಬರೆದು ನನಗೆ ತಿಳಿಸಿ ಹೇಳಲು ಕೂತಳು. ನಾನು ಸುಮ್ಮನೆ ಎರಡು ಮುಷ್ಟಿ ಮುಂದೆ ಚಾಚಿದೆ.

ಈ ವರ್ಷ ರಾಶಿಯಾದ ಮೇಲೆ ಹಿಂಡು ಬಂತು, ಕಾಕಾ ಬರಲಿಲ್ಲ. ದೀಪಾವಳಿಗೆ ಮುಂಚೆ ತೀರಿಕೊಂಡರೆಂದು ಅವರ ಮಗ ಹೇಳಿದ. ಅತ್ತೆ ಅಂದು ಉಣ್ಣಲಿಲ್ಲ. ಬಿಸಿಲು ಇಳಿದ ಮೇಲೆ ಮೊಮ್ಮಗಳ ಕೈ ಹಿಡಿದು ಹೊಲಕ್ಕೆ ಹೋದಳು, ಹಿಂದೆ ನಾನು. ಕಪ್ಪು ಹಿಂಡಿನ ನಡುವೆ ಒಂದು ಕೆಂದ ಕುರಿ ಇತ್ತು, ಆ ಹಳೆಯ ಬಾಯಿಯ ವಂಶದ್ದು. ಮಗಳು ಮೊಣಕಾಲೂರಿ ಎರಡು ಬೆರಳಿಂದ ಉಣ್ಣೆ ಸೀಳಿದಳು. ಕಣ್ಣು ಮಂದ, ಅದಕ್ಕೇ ಎಷ್ಟು ಬಾಗಿದಳೆಂದರೆ ಅವಳ ಬಿಳಿ ಜಡೆ ಕುರಿಯ ಬೆನ್ನ ಮೇಲೆ ಬಿತ್ತು. ಉಫ್ ಎಂದು ಊದಿದಳು.

"ಬುಡಕ ಏನದ?" ಅತ್ತೆ ಕೇಳಿದಳು.

"ಕೆಂದೇ ಅದ, ಆಯಿ."

ಅತ್ತೆ ಕಾಕಾನ ಮಗನ ಕಡೆ ತಿರುಗಿದಳು. "ಮುಂದಿನ ವರ್ಷನೂ ಬರ್ರಿ ತಮ್ಮಾ. ಈ ಬಾಯೀನ ಮಾತ್ರ ಮಾರಬ್ಯಾಡ್ರಿ."