ಹನಿಯೊಳಗಿನ ಹನಿ ಮತ್ತು ಅಣ್ಣನ ಕೊಪ್ಪರಿಗೆ

ಸತ್ಯವನ್ನು ಅರಸುವವನು ಯಾರ ಮಾತಿಗೂ ಕಿವಿಗೊಡಬಾರದು. ನಾನು ಅರಸುತ್ತಿದ್ದ ಸತ್ಯ ಸಾಸಿವೆ ಕಾಳಿಗಿಂತ ಸಣ್ಣದು, ಒಂದು ಎಣ್ಣೆ ಹನಿ. ಅದೂ ಕಂಪ್ಯೂಟರಿನೊಳಗೆ ಬಿಟ್ಟರೆ ಬೇರೆಲ್ಲೂ ಇರಲಿಲ್ಲ.

ಮಳವಳ್ಳಿಯ ಕಾಲೇಜೊಂದರಲ್ಲಿ ಪಾಠ ಹೇಳಿಕೊಂಡು, ಮದ್ದೂರಿನಲ್ಲಿ ಬಸ್ಸು ಬದಲಿಸಿ ಮಂಡ್ಯಕ್ಕೆ ಓಡಾಡುತ್ತ, ತಲೆ ನರೆತ ಮೇಲೆ ಪಿಎಚ್.ಡಿ.ಗೆ ಕೂತಿದ್ದೆ. ನೀರಿನಲ್ಲಿ ಮುಳುಗಿದ ಒಂದು ಎಣ್ಣೆ ಹನಿ, ಅದರ ಹೊಟ್ಟೆಯೊಳಗೆ ಇನ್ನೊಂದು ನೀರಿನ ಹನಿ. ಒಂದು ಕಡೆಯಿಂದ ಕಾಸಿದರೆ ಈ ಜೋಡಿ ಎತ್ತ ಸರಿಯುತ್ತದೆ ಎಂದು ಲೆಕ್ಕದಿಂದ ಹೇಳುವುದು ನನ್ನ ಕೆಲಸ. ಗಡುವಿನ ಕಡೆಯ ವಿಸ್ತರಣೆಯಲ್ಲಿ ಮೂರು ತಿಂಗಳು ಉಳಿದಿತ್ತು. ಅಷ್ಟರಲ್ಲಿ ಪ್ರಬಂಧ ಸಲ್ಲಿಸದಿದ್ದರೆ ನೋಂದಣಿ ರದ್ದು.

ಒಂದು ಭಾನುವಾರ ಲ್ಯಾಪ್‌ಟಾಪ್ ಹೊತ್ತು ಕೊತ್ತತ್ತಿಯಲ್ಲಿ ಅಣ್ಣ ನಡೆಸುವ ಆಲೆಮನೆಗೆ ಹೋದೆ. ಹುಟ್ಟಿದಾಗಿನಿಂದ ಬೆಲ್ಲ ಕಾಯಿಸಿದವನು ಅವನು. ಪರದೆಯ ಮೇಲೆ ನನ್ನ ಹನಿ ನಿಧಾನವಾಗಿ ಬಿಸಿಯ ಕಡೆಗೆ ಸಾಗುತ್ತಿತ್ತು.

"ಇದ್ಯಾಕ್ಲಾ ಬೆಂಕಿ ಕಡೀಕೇ ಓಯ್ತದೆ?"

"ಲೆಕ್ಕ ಹಂಗೆ ಹೇಳ್ತದೆ ಕಣಣ್ಣ."

"ಲೆಕ್ಕ ನಿಂದು, ಎಣ್ಣೆ ನಂದು. ನಿನ್ ಹನಿಗೇನು ಜೀವ ಬ್ಯಾಸರ ಆಗದಾ, ಒಲೆ ಬಾಯ್ಗೆ ಬೀಳೋಕೆ? ಬಾ, ತೋರುಸ್ತೀನಿ."

ಕೊಪ್ಪರಿಗೆಯಲ್ಲಿ ಬಿಸಿಯೇರುತ್ತಿದ್ದ ಕಬ್ಬಿನ ಹಾಲಿನ ಮೇಲೆ ಒಂದು ತೊಟ್ಟು ಹರಳೆಣ್ಣೆ ಬಿಟ್ಟ. ಅದು ತೆಳ್ಳಗೆ ಹರಡಿಕೊಂಡು ತಣ್ಣನೆಯ ಅಂಚಿಗೆ ಓಡಿತು. ಚಿಕ್ಕಂದಿನಿಂದ ನಾನೂ ನೋಡಿದ್ದೇ. ಆಲೆಮನೆಯವರ ಪಾಲಿಗೆ ಕೊಪ್ಪರಿಗೆಯೇ ಸುಪ್ರೀಂ ಕೋರ್ಟು. ಮನೆಗೆ ಬಂದವನೇ ಪ್ರೋಗ್ರಾಮಿನಲ್ಲಿ ದಿಕ್ಕು ಹೇಳುತ್ತಿದ್ದ ಒಂದು ಮೈನಸ್ ಚಿಹ್ನೆ ಅಳಿಸಿದೆ. ಹನಿ ಬಲು ವಿಧೇಯತೆಯಿಂದ ತಂಪಿನತ್ತ ಹೊರಟಿತು.

ಲೆಕ್ಕವೆಲ್ಲವನ್ನೂ ಕಂಪ್ಯೂಟರಿನಲ್ಲಿ ಹೊಸದಾಗಿ ಓಡಿಸುವುದಕ್ಕೆ ಎರಡು ತಿಂಗಳು ಹಿಡಿಯಿತು. ಡಿಸ್ಕಿನಲ್ಲಿ ಜಾಗ ಸಾಲದೆ ಹಳೆಯ ಫಲಿತಾಂಶಗಳನ್ನು ಅಳಿಸುತ್ತ ಹೋದೆ. ಮಾರ್ಗದರ್ಶಕಿಯನ್ನು ಒಂದು ಮಾತು ಕೇಳೋಣವೆಂದು ಎರಡು ಸಲ ಫೋನು ಎತ್ತಿ ಇಟ್ಟೆ. ನನಗಿಂತ ಹತ್ತು ವರ್ಷ ಚಿಕ್ಕವರು. ಅಣ್ಣನ ಕೊಪ್ಪರಿಗೆಯನ್ನು ಆಧಾರವೆಂದು ಅವರ ಮುಂದೆ ಇಡುವುದು ಹೇಗೆ?

ಕೊನೆಗೆ ಮಂಡ್ಯದಲ್ಲಿ ಪ್ರೋಗ್ರಾಮು ನೋಡುತ್ತ ಅವರೇ ಕೇಳಿದರು. "ಸರ್, ಇಲ್ಲಿದ್ದ ಮೈನಸ್ ಎಲ್ಲಿ?"

ಹೇಳಿದೆ. ಅವರು ನಗಲಿಲ್ಲ. ನಕ್ಕಿದ್ದರೆ ವಾಸಿಯಿತ್ತು.

"ನಿಮ್ಮಣ್ಣ ನೋಡಿದ್ದೂ ಸರೀನೇ. ಅದು ಮೇಲೆ ಹರಡೋ ಎಣ್ಣೆ, ತಣ್ಣಗಿರೋ ಕಡೆಗೇ ಹೋಗುತ್ತೆ. ನಿಮ್ಮದು ನೀರಲ್ಲಿ ಮುಳುಗಿರೋ ಹನಿ. ಅದು ಸುತ್ತಲ ನೀರನ್ನ ತಣ್ಣಗಿರೋ ಕಡೆಗೆ ತಳ್ಳಿ, ತಾನು ಬಿಸಿ ಕಡೆಗೆ ಹೋಗುತ್ತೆ. ಈಜೋರು ನೀರನ್ನ ಹಿಂದಕ್ಕೆ ತಳ್ಳಿ ಮುಂದೆ ಹೋಗ್ತಾರಲ್ಲ, ಹಾಗೆ. ಮೊದಲಿನ ಫಲಿತಾಂಶ ಇದೆ ತಾನೇ?"

"ಅಳಿಸಿಬಿಟ್ಟೆ, ಮೇಡಂ."

ಅವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. ನಾನು ಆ ಮೈನಸ್ಸನ್ನು ವಾಪಸು ಹಾಕಿ, ಅಂದಿನಿಂದಲೇ ಮತ್ತೆ ಓಡಿಸಲು ಶುರುಮಾಡಿದೆ. ಅರ್ಧದಷ್ಟು ಆಗುವ ಹೊತ್ತಿಗೆ ವಿಸ್ತರಣೆ ಮುಗಿಯಿತು. ನೋಂದಣಿ ರದ್ದಾಯಿತು.