ಹಾರ ಬಿದ್ದ ಎಸ್ಪೆರಾಂತೊ ಡಾಕ್ಟರು

ನಿವೃತ್ತಿಯಾದ ಮೇಲೆ ನಮ್ಮ ಮಾವನಿಗೆ ಹಿಡಿದ ಹುಚ್ಚು ಎಸ್ಪೆರಾಂತೊ. ಬೇರೆಯವರ ಮಾವಂದಿರು ವಾಕಿಂಗು, ಪೇಪರು, ಸೊಸೆಯ ಸಾರಿನ ಉಪ್ಪು ಅಂತ ಕಾಲ ಕಳೆಯುತ್ತಾರೆ. ನಮ್ಮವರು ಮಾತ್ರ ಪೋಲೆಂಡಿನ ಕಣ್ಣಿನ ಡಾಕ್ಟರೊಬ್ಬರು ಎಂದೋ ಕೂತು ಕಟ್ಟಿದ ಭಾಷೆಯನ್ನು ಫೋನು ನೋಡಿ ಕಲಿತರು. ಜಗತ್ತಿನವರೆಲ್ಲ ಒಂದೇ ಭಾಷೆ ಆಡಿದರೆ ಜಗಳವೇ ಇರುವುದಿಲ್ಲವಂತೆ. ಇದನ್ನು ದಿನಾ ಬೆಳಿಗ್ಗೆ ಇಡ್ಲಿ ತಿನ್ನುತ್ತಾ ನನಗೆ ಹೇಳುತ್ತಿದ್ದರು. ನಾನು ಇನ್ನೊಂದು ಸೌಟು ಸಾಂಬಾರು ಹಾಕುತ್ತಿದ್ದೆ.

ಪಕ್ಕದ ಮನೆಯಲ್ಲಿರುವುದು ಅವರ ಒಡಹುಟ್ಟಿದ ತಮ್ಮ. ಕೆ.ಆರ್. ಪುರದ ನಮ್ಮ ಬೀದಿಯೆಲ್ಲ ಹಿಂದೆ ಇವರಪ್ಪನ ರಾಗಿ ಹೊಲ. ಪಾಲಾದಾಗ ಕಾಂಪೌಂಡು ಗೋಡೆ ಅರ್ಧ ಅಡಿ ಆಚೀಚೆ ಆಯಿತು ಅಂತ ಶುರುವಾದ ಜಗಳ. ನಾನು ಮದುವೆಯಾಗಿ ಬರುವ ಮೊದಲೇ ಮಾತು ನಿಂತಿತ್ತು. ಇಬ್ಬರದೂ ಹುಟ್ಟಿದಾಗಿನಿಂದ ಒಂದೇ ಭಾಷೆ, ಅದೇ ಕನ್ನಡ. ಎದುರಾದರೆ ಒಬ್ಬರು ಆಕಾಶ ನೋಡುತ್ತಾರೆ, ಇನ್ನೊಬ್ಬರು ಚರಂಡಿ.

"ನಾನು ಸಾಯೋದ್ರೊಳ್ಗೆ ಇಬ್ರೂ ಒಟ್ಟಿಗೆ ಕೂತು ಉಣ್ಣೋದ್ ನೋಡ್ಬೇಕು ಕಣಮ್ಮ," ಅನ್ನುತ್ತಿದ್ದರು ಅತ್ತೆ. ಅವರಿಗೆ ಬೇರೆ ಆಸೆಯೇ ಇರಲಿಲ್ಲ.

ಹೋದ ವರ್ಷ ಯಾವುದೋ ದೇಶದ ಎಸ್ಪೆರಾಂತೊ ಗೆಳೆಯರು ಆ ಡಾಕ್ಟರ ಗೌರವಕ್ಕೆ ಅಚ್ಚು ಹಾಕಿಸಿದ ಭಾವಚಿತ್ರವೊಂದನ್ನು ಮಾವನಿಗೆ ಕಳಿಸಿದರು. ಬೋಳು ತಲೆ, ದುಂಡು ಕನ್ನಡಕ, ನರೆತ ಗಡ್ಡ, ಮೇಲೊಂದು ಹಸಿರು ನಕ್ಷತ್ರ, ಅದು ಎಸ್ಪೆರಾಂತೊದವರ ಗುರುತಂತೆ. ಅಷ್ಟರಲ್ಲಿ ಮಾವನೂ ಅದೇ ಗಡ್ಡ ಬಿಟ್ಟು, ಅದೇ ಕನ್ನಡಕ ಮಾಡಿಸಿಕೊಂಡಿದ್ದರು. ಬೋಳನ್ನು ದೇವರೇ ಕೊಟ್ಟಿದ್ದ. ಫ್ರೇಮು ಹಾಕಿಸಲು ಶಿವಾಜಿನಗರದ ಅಂಗಡಿಗೆ ಕೊಟ್ಟು ಬಂದೆ. ತರಲು ಹೋದಾಗ ನೋಡಿದರೆ, ಗಾಜಿನ ಮೇಲೆ ಹಣೆಗೆ ಸರಿಯಾಗಿ ಕುಂಕುಮದ ಬೊಟ್ಟು, ಸುತ್ತ ಗಂಧದ ಹಾರ!

"ಹಾರ ನಮ್ ಕಡೆಯಿಂದ ಮೇಡಂ," ಅಂದ ಅಂಗಡಿಯವನು, ದನಿ ತಗ್ಗಿಸಿ. "ಸಬರ್ ಮಾಡಿ, ಸಮಾಧಾನ ತಂದ್ಕೊಳ್ಳಿ. ಎಲ್ರೂ ಒಂದಿನ ಹೋಗೋರೇ."

ಮನೆಗೆ ತಂದು, ಕಿತ್ತುಬಿಡೋಣ ಅಂದೆ. ಮಾವ ಬಿಡಲಿಲ್ಲ. "ಅದು ಗೌರವ ಕಣಮ್ಮ, ಇರ್ಲಿ."

ಡಾಕ್ಟರ ಹುಟ್ಟಿದ ಹಬ್ಬ ಬಂತು. ಮನೆ ಮುಂದೆ ಶಾಮಿಯಾನ, ಪ್ಲಾಸ್ಟಿಕ್ ಕುರ್ಚಿಗಳು, ಸ್ಟೂಲಿನ ಮೇಲೆ ಹಾರ ಹಾಕಿದ ಚಿತ್ರ, ಅದರ ಮುಂದೆ ದೀಪ, ಊದುಬತ್ತಿ. ಯಾರ ಮನೆ ಮುಂದೆ ಹೀಗೆ ಕಂಡರೂ ನಮ್ಮ ಕಡೆ ಅದಕ್ಕೆ ಒಂದೇ ಅರ್ಥ. ಶಾಮಿಯಾನದವನು ಕುರ್ಚಿ ಇಳಿಸುತ್ತಾ ಕೇಳಿಯೇಬಿಟ್ಟ: "ಮೇಡಂ, ಬಾಡಿ ಆಸ್ಪತ್ರೆಯಿಂದ ಎಷ್ಟೊತ್ತಿಗೆ ಬರುತ್ತೆ?" ಮಾವನಿಗೆ ಹೇಳಿದರೆ, ಅಜ್ಞಾನ ಅಂತ ನಕ್ಕರು. ಮಾವ ಕರೆದಿದ್ದ ಇಂದಿರಾನಗರದ, ಮಾರತ್ತಹಳ್ಳಿಯ ಎಸ್ಪೆರಾಂತೊ ವಿಶ್ವಬಂಧುಗಳೆಲ್ಲ "ಟ್ರಾಫಿಕ್ ಸಾರ್" ಅಂತ ಮೆಸೇಜು ಹಾಕಿ ಮನೆಯಲ್ಲೇ ಉಳಿದರು.

ಬಂದವರು ಒಬ್ಬರೇ, ಪಕ್ಕದ ಮನೆಯ ಚಿಕ್ಕಮಾವ. ತಮ್ಮ ಗೇಟಿನಿಂದ ಚಿತ್ರ ಕಂಡವರು ಟವೆಲು ಬಾಯಿಗೊತ್ತಿಕೊಂಡು ಓಡಿಬಂದು, ಅದರ ಮುಂದೆ ಕುಸಿದು ಕೂತರು.

"ಅಣ್ಣೋ! ಒಂದ್ಮಾತೂ ಆಡ್ದೆ ಹೊಂಟೋದ್ಯಲ್ಲಣ್ಣೋ! ಆ ಗೋಡೆ ಹಾಳಾಗೋಗ, ಒಂದ್ಸಲ ಕರ್ದಿದ್ರೆ ನಾನೇ ಒಡೆಸ್ತಿದ್ನಲ್ಲಣ್ಣೋ!"

ಕೂಗು ಕೇಳಿ ಮಾವ ಹೊರಗೆ ಬಂದರು. ಇಸ್ತ್ರಿ ಷರಟು, ಎದೆಗೆ ಹಸಿರು ನಕ್ಷತ್ರ, ಕೈಯಲ್ಲಿ ಭಾಷಣದ ಹಾಳೆ. ಚಿಕ್ಕಮಾವ ತಲೆಯೆತ್ತಿ ನೋಡಿದರು. ಆ ಅಳುವಿನಲ್ಲೇ ಒಂದು ಗಳಿಗೆ ಅವರ ಮುಖ ಅರಳಿತು. ನಾನು ಕಂಡೆ, ಅತ್ತೆಯೂ ಕಂಡರು. "ಬಾರೋ" ಅಂದಿದ್ದರೆ ಸಾಕಿತ್ತು. ಮಾವ ಬಾಯಿ ತೆರೆದರು, ಗಂಟಲು ಸರಿಮಾಡಿಕೊಂಡರು, ಹಾಳೆ ನೋಡಿದರು. ಪೋಲೆಂಡಿನಿಂದ ಜಪಾನಿನವರೆಗೆ ಹರಟುವ ಮಹಾನುಭಾವರಿಗೆ ಮಾತೇ ಹೊರಡಲಿಲ್ಲ. ಚಿಕ್ಕಮಾವ ಎದ್ದು ಪಂಚೆ ಕೊಡವಿಕೊಂಡರು. "ಏನೋ ಅಂದ್ಕೊಂಡ್ಬಿಟ್ಟೆ," ಅಂತ ನನಗೆ ಹೇಳಿ ಹೊರಟುಹೋದರು.

"ಬಾಯಿಗೇನ್ ಬಡ್ದಿತ್ರೀ ನಿಮ್ಗೆ?" ಅಂತ ಅತ್ತೆ ಸಿಡಿದರು.

ಮಾವ ಕುರ್ಚಿಯಲ್ಲಿ ಕೂತರು. ಭಾಷಣದ ಹಾಳೆಯನ್ನು ಸುರುಳಿ ಸುತ್ತುತ್ತಾ ನನ್ನನ್ನು ಕೇಳಿದರು: "ಅವ್ನು ಚಪ್ಲಿ ಹಾಕ್ಕೊಂಡಿರ್ಲಿಲ್ಲ ಅಲ್ವೇನಮ್ಮಾ?"

"ಇಲ್ಲ ಮಾವ. ಬರಿಗಾಲಲ್ಲೇ ಓಡ್ಬಂದ್ರು."

ಮಾವ ಎದ್ದು ತಮ್ಮನ ಗೇಟಿನ ಕಡೆ ನಡೆದರು. ಹೋಗಿ ಮಾವ, ಹೋಗಿ ಅಂತ ನನ್ನ ಜೀವ ಬಡಿದುಕೊಳ್ಳುತ್ತಿತ್ತು. ಅರ್ಧ ದಾರಿಯಲ್ಲಿ ನಿಂತರು. ವಾಪಸ್ಸು ಬಂದು, ಚಿತ್ರದ ಪಕ್ಕ ನಿಂತು, ಜಗತ್ತಿನ ಸೋದರರೆಲ್ಲ ಒಂದಾಗುವ ಆ ಭಾಷಣವನ್ನು ಖಾಲಿ ಕುರ್ಚಿಗಳಿಗೆ ಓದತೊಡಗಿದರು. ನನಗೆ ಉರಿದುಹೋಯಿತು. ಅತ್ತೆ ಸೆರಗು ಮುಖಕ್ಕೆ ಹಿಡಿದು ಜೋರಾಗಿ ಅತ್ತುಬಿಟ್ಟರು. ಆ ಅಳು ಕೇಳಿ ಬೀದಿಯವರು ಒಬ್ಬೊಬ್ಬರಾಗಿ ಬಂದು, ಚಿತ್ರಕ್ಕೆ ಕೈಮುಗಿದು, ಸದ್ದಿಲ್ಲದೆ ಕುರ್ಚಿಗಳಲ್ಲಿ ಕೂತರು.