ನಾನು ಕುಡಿಯುವವಳಲ್ಲ ಎಂದಿದ್ದೆ

ಕಳೆದ ಮಳೆಗಾಲ, ಆಟಿ ತಿಂಗಳಲ್ಲಿ ನನ್ನ ಕಣ್ಣು ಹಳದಿಯಾಯಿತು. ಮಡಂತ್ಯಾರಿನಲ್ಲಿ ರವಿಕೆ ಹೊಲಿಯುವವಳು ನಾನು. ಸೂಜಿಗೆ ನೂಲು ಹಾಕಲೂ ಆಗದಷ್ಟು ಸುಸ್ತು. ಶುಗರ್, ಬಿಪಿ ಹತ್ತು ವರ್ಷದಿಂದ ಉಂಟು. ಲಿವರಿನಲ್ಲಿ ಕೊಬ್ಬು ಉಂಟೆಂದು ಸ್ಕ್ಯಾನಿಂಗಿನಲ್ಲಿ ಬಂದಾಗ, ಈಗ ಯಾರಿಗಿಲ್ಲ ಎಂದು ತಾತ್ಸಾರ ಮಾಡಿದ್ದೆ. ನನ್ನ ಅಕ್ಕ ಲಿವರಿನ ಕಾಯಿಲೆಯಲ್ಲೇ ರಕ್ತ ಕಾರಿ ತೀರಿಹೋದವಳು. ಕನ್ನಡಿಯಲ್ಲಿ ಅವಳ ಹಳದಿ ಕಣ್ಣೇ ಕಂಡಂತಾಯಿತು.

ಗಂಡನೊಟ್ಟಿಗೆ ವೇಣೂರು ದಾರಿಯ ಬಸ್ಸಿನಲ್ಲಿ ಮೂಡಬಿದಿರೆಯ ಆಸ್ಪತ್ರೆಗೆ ಹೋದೆ. ಶುಗರಿಗೆ ಮದ್ದು ಕೊಡುವ ಡಾಕ್ಟರು ರಕ್ತದ ರಿಪೋರ್ಟ್ ನೋಡಿ, "ಕುಡಿಯುವ ಅಭ್ಯಾಸ ಉಂಟಾ?" ಎಂದರು.

ನನಗೆ ಸಿಟ್ಟು ನೆತ್ತಿಗೇರಿತು. "ಹೆಂಗಸಿನ ಹತ್ತಿರ ಕೇಳುವ ಮಾತಾ ಇದು? ನಾನು ಕುಡಿಯುವವಳಲ್ಲ!"

"ಬೇರೆ ಮದ್ದು?"

"ನೀವು ಕೊಟ್ಟದ್ದು ಮಾತ್ರ."

"ಹೀಗೇ ಹೋದರೆ ಲಿವರ್ ಕೈಕೊಡ್ತದೆ, ಜೀವಕ್ಕೇ ಅಪಾಯ. ಮೂರು ವಾರ ನೋಡುವ. ಕಾಮಾಲೆ ಇಳಿಯದಿದ್ದರೆ ಮಂಗಳೂರಿಗೆ ಹೋಗಬೇಕು."

ಬಸ್ಸಿನಲ್ಲಿ ಸೆರಗು ಮುಚ್ಚಿಕೊಂಡು ಅತ್ತೆ. "ಹೆದರಬೇಡ ಮಾರಾಯ್ತಿ" ಎಂದು ಗಂಡ ಹೇಳುತ್ತಲೇ ಇದ್ದರು. ನಮ್ಮ ಒಬ್ಬಳೇ ಮಗಳು ಆಗ ಏಳು ತಿಂಗಳ ಬಸುರಿ.

ಮರುದಿನ ಬೆಳಿಗ್ಗೆ ನಮ್ಮೂರಿನ ದೇವಿಯ ಎದುರು ನಿಂತೆ. "ತಾಯೇ, ಮಗಳ ಬಾಣಂತನ ಮಾಡುವವರೆಗಾದರೂ ನನ್ನನ್ನು ಬಿಡು. ಇನ್ನು ದಿನಾ ನಿನ್ನ ತೀರ್ಥ ತೆಗೆದುಕೊಳ್ಳದೆ ಬಾಯಿಗೆ ಒಂದು ಹನಿಯೂ ಹಾಕುವುದಿಲ್ಲ" ಎಂದು ಹರಕೆ ಹೇಳಿದೆ. ಆ ಮೂರು ವಾರ ಹೇಗೆ ಕಳೆಯಿತೋ! ಸಣ್ಣ ವಾಕರಿಕೆ ಬಂದರೂ ರಕ್ತವೋ ಎಂದು ಬಗ್ಗಿ ನೋಡುತ್ತಿದ್ದೆ.

ಎರಡನೇ ಸಲ ಹೋದಾಗ ಡಾಕ್ಟರು ರಿಪೋರ್ಟನ್ನು ತಿರುಗಿಸಿ ತಿರುಗಿಸಿ ನೋಡಿದರು. "ತುಂಬಾ ಇಳಿದಿದೆ. ಏನು ಬಿಟ್ಟಿರಿ?"

"ಏನೂ ಬಿಡಲಿಲ್ಲ. ತೀರ್ಥ ಹಿಡಿದೆ."

ಗಂಡ ಬಾಯಿ ಹಾಕಿದರು. "ಕಷಾಯ ಬಿಟ್ಟಿದ್ದಾಳಲ್ಲ!"

"ಯಾವ ಕಷಾಯ?"

ಕೊರೊನಾ ಸಮಯದಿಂದ ಅಂಗಳದ ಅಮೃತಬಳ್ಳಿ ಜಜ್ಜಿ ಕುದಿಸಿ ದಿನಾ ಒಂದು ಲೋಟ ಕುಡಿಯುತ್ತಿದ್ದೆ, ಶುಗರಿಗೆ ಒಳ್ಳೆಯದೆಂದು. ಅದನ್ನು ಖಾಲಿ ಹೊಟ್ಟೆಗೇ ಕುಡಿಯಬೇಕಂತೆ. ತೀರ್ಥ ಇಳಿದ ಹೊಟ್ಟೆ ಖಾಲಿ ಹೇಗಾದೀತು? ಹಾಗಾಗಿ ಹರಕೆಯ ದಿನದಿಂದ ಕಷಾಯ ತನ್ನಷ್ಟಕ್ಕೇ ತಪ್ಪಿಹೋಗಿತ್ತು. ಮನೆಯ ಬಳ್ಳಿಯನ್ನು ಮದ್ದು ಎಂದು ಯಾರು ಲೆಕ್ಕಕ್ಕೆ ಹಿಡಿಯುತ್ತಾರೆ ಹೇಳಿ!

ಡಾಕ್ಟರು ಪೆನ್ನು ಕೆಳಗಿಟ್ಟರು. "ಕೆಲವರ ಲಿವರಿಗೆ ಅದು ವಿಷ ಆಗ್ತದಮ್ಮ. ಇನ್ನೂ ಕುಡಿಯುತ್ತಿದ್ದರೆ ಜೀವವೇ ಹೋಗ್ತಿತ್ತು."

ಮಗಳ ಬಾಣಂತನ ಮುಗಿಯಿತು. ಮಗುವನ್ನು ಮೀಯಿಸಿದ್ದು ನಾನೇ. ಕೊಬ್ಬು, ಶುಗರ್, ಬಿಪಿ ಇನ್ನೂ ಉಂಟು, ಹೆದರಿಕೆಯೂ ಉಂಟು. ಮಾತ್ರೆ ತಪ್ಪಿಸುವುದಿಲ್ಲ, ಡಾಕ್ಟರ ಹತ್ತಿರ ಒಂದನ್ನೂ ಮುಚ್ಚಿಡುವುದಿಲ್ಲ. ನೀವೂ ಮುಚ್ಚಿಡಬೇಡಿ. ಜೀವ ಕೊಡು ಎಂದು ಬೇಡಿದವಳ ಕೈಯಿಂದ ದೇವಿ ಕಷಾಯದ ಲೋಟ ಕಸಿದುಕೊಂಡಳು. ಅಷ್ಟರಿಂದಲೇ ನಾನು ಉಳಿದೆ.